ಸ್ಯಾಕ್ಸೊಫೋನ್ ಸೈ, ಲ್ಯಾಪ್‌ಟಾಪ್ ಯಾಕಲ್ಲ?

ಅಲೆವೂರು, ಮಣಿಪಾಲ, ಕಾಪು, ಕಾರ್ಕಳದ ಸುತ್ತಮುತ್ತ ನೇಮಕ್ಕೆ ಹೋಗಿ, ತೇರಿಗೆ ಹೋಗಿ, ಮದುವೆಗೆ ಹೋಗಿ, ಡೋಲು ತಾಸೆಗಳ ನಡುವೆ ಸ್ಯಾಕ್ಸೊಫೋನ್ ಕೇಳಿಬರುವುದು ಈಗ ತೀರಾ ಸಾಮಾನ್ಯ. ಊದುವವರನ್ನು ನೋಡಿ ಇದು ಪರದೇಶದ ವಾದ್ಯ, ದೈವದ ಮುಂದೆ ಇದಕ್ಕೇನು ಕೆಲಸ ಎಂದು ಯಾರೂ ತಕರಾರು ಎತ್ತುವುದಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಮಾಡಿಸಿ, ಮಿಲಿಟರಿ ಬ್ಯಾಂಡುಗಳಿಗೆ ಮಾರಲು ಹೊರಟ ಹಿತ್ತಾಳೆಯ ವಾದ್ಯ ಅದು. ನಾಗಸ್ವರದ ಜಾಗಕ್ಕೆ ಬಂದು ನಿಂತು, ತುಳುನಾಡಿನ ಮಂಗಳವಾದ್ಯವೇ ಆಗಿಬಿಟ್ಟಿದೆ. ಆದರೆ ಅದೇ ಸ್ಯಾಕ್ಸೊಫೋನಿನ ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್ ತೆರೆದಿಟ್ಟರೆ ಸಾಕು, 'ಕಂಪ್ಯೂಟರ್ ಸಂಗೀತ, ಅದರಲ್ಲಿ ಜೀವ ಇಲ್ಲ' ಎಂಬ ತೀರ್ಪು ಕೇಳುವುದಕ್ಕೂ ಮೊದಲೇ ಬಂದುಬಿಡುತ್ತದೆ. ಈ ತೀರ್ಪು ಅವಸರದ್ದು ಎಂಬುದು ನನ್ನ ವಾದ. ಸಂಗೀತದ ಜೀವ ಇರುವುದು ವಾದ್ಯ ಮರದ್ದೋ ಹಿತ್ತಾಳೆಯದ್ದೋ ವಿದ್ಯುತ್ತಿನದ್ದೋ ಎಂಬುದರಲ್ಲಲ್ಲ. ಸ್ವರವನ್ನೂ ಕಾಲವನ್ನೂ ಕೂದಲೆಳೆಯಷ್ಟು ಆಚೀಚೆ ಸರಿಸುವ ಹಿಡಿತ ನುಡಿಸುವವನ ಕೈಯಲ್ಲಿ ಉಳಿದಿದೆಯೋ ಇಲ್ಲವೋ ಎಂಬುದರಲ್ಲಿದೆ. ಇದನ್ನು ಪರೀಕ್ಷಿಸಲು ಒಂದು ಆಲ್ಬಂ ಚೆನ್ನಾಗಿ ಒದಗುತ್ತದೆ. ಅದರ ಬೇರು ನಮ್ಮ ಕರಾವಳಿಗೂ ತಗಲಿಕೊಂಡಿದೆ.

ಆಲ್ಬಂನ ಹೆಸರು 'ಸಂಧಿ'. ಜರ್ಮನಿಯ ಎಸಿಟಿ ಕಂಪನಿ 2011ರಲ್ಲಿ ಹೊರತಂದದ್ದು. ಮಾಡಿದವರು ರುದ್ರೇಶ್ ಮಹಾಂತಪ್ಪ. ಹೆಸರೇ ಹೇಳುವಂತೆ ಕರ್ನಾಟಕ ಮೂಲದ ಮನೆತನ. ತಂದೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮಗ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಕೊಲೊರಾಡೊದ ಬೋಲ್ಡರ್‌ನಲ್ಲಿ ಬೆಳೆದು, ಆಲ್ಟೊ ಸ್ಯಾಕ್ಸೊಫೋನ್ ಹಿಡಿದು ಜಾಝ್ ಲೋಕದಲ್ಲಿ ದೊಡ್ಡ ಹೆಸರಾದರು. ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗ ಅವರ ಕೈಯಲ್ಲಿದೆ. 2007ರಲ್ಲಿ ಸಿಕ್ಕ ಗುಗೆನ್‌ಹೈಮ್ ಫೆಲೋಶಿಪ್ಪಿನ ಫಲವಾಗಿ ನಡೆದ ದಕ್ಷಿಣ ಭಾರತದ ಸಂಗೀತದ ಅಭ್ಯಾಸದಿಂದ 'ಸಂಧಿ' ರೂಪುಗೊಂಡಿತು. ಅದರಲ್ಲಿ ಮಹಾಂತಪ್ಪ ಸ್ಯಾಕ್ಸೊಫೋನಿನ ಜೊತೆಗೆ ಲ್ಯಾಪ್‌ಟಾಪನ್ನೂ ನುಡಿಸುತ್ತಾರೆ. ಡೇವಿಡ್ ಗಿಲ್ಮೋರ್ ಎಲೆಕ್ಟ್ರಿಕ್ ಗಿಟಾರ್ (ಪಿಂಕ್ ಫ್ಲಾಯ್ಡ್‌ನವರಲ್ಲ, ಇವರು ಬೇರೆ), ರಿಚ್ ಬ್ರೌನ್ ಎಲೆಕ್ಟ್ರಿಕ್ ಬೇಸ್, ಡೇಮಿಯನ್ ರೀಡ್ ಡ್ರಮ್ಸ್, ಅನಂತ ಆರ್. ಕೃಷ್ಣನ್ ಮೃದಂಗ ಮತ್ತು ಖಂಜಿರ. ಅಂಗಡಿಯವರು ಇದನ್ನು ಜಾಝ್ ಕಪಾಟಿನಲ್ಲೇ ಇಡುತ್ತಾರೆ, ಅದು ಸರಿಯೇ. ಆದರೆ ಕೇಳುವಾಗ ಕಿವಿಗೆ ಮೊದಲು ತಟ್ಟುವುದು ಸೋಲ್ ಮತ್ತು ಫಂಕ್‌ನ ಕುಣಿತ, ಎಲೆಕ್ಟ್ರಾನಿಕ್ ನಾದದ ಹಾಸು, ಅದರ ಮೇಲೆ ಕರ್ನಾಟಕ ಸಂಗೀತದ ಲೆಕ್ಕಾಚಾರ.

ಕರಾವಳಿಯ ಬೇರು ಎಂದೆನಲ್ಲ, ಅದು ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಹುಡುಗ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿಯೇ ಸಿದ್ಧ ಎಂದು ಹೊರಟರು. ಕಷ್ಟ ಎಲ್ಲಿತ್ತೆಂದರೆ ವಾದ್ಯದ ರಚನೆಯಲ್ಲೇ. ನಾಗಸ್ವರದಲ್ಲಿ ತೂತಿನ ಮೇಲೆ ಬೆರಳೇ ನೇರ ಕೂರುತ್ತದೆ. ಅರ್ಧ ಮುಚ್ಚಬಹುದು, ಜಾರಿಸಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ತೇಲಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಲೋಹದ ಕೀಲಿಗಳಿವೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು, ನಡುವಿನ ದಾರಿಯೇ ಇಲ್ಲ. ಗಮಕವೇ ಉಸಿರಾಗಿರುವ ಸಂಗೀತಕ್ಕೆ ಇಂಥ ವಾದ್ಯ ಸಲ್ಲದು ಎಂದವರ ಮಾತು ಯಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಬದಲಾವಣೆ ಮಾಡಿಕೊಂಡು, ತುಟಿಯ ಒತ್ತಡ ಮತ್ತು ಉಸಿರಿನ ಅಂಕೆಯಿಂದ ಆ ನಡುವಿನ ದಾರಿಯನ್ನು ಕಡಿದು ತೆರೆದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತು, ವರ್ಷಗಟ್ಟಲೆ ಬೆವರು ಸುರಿಸಿದ ಮೇಲೆ ಬಂದ ಸಿದ್ಧಿ ಅದು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್' ಎಂಬ ಧ್ವನಿಮುದ್ರಿಕೆಯನ್ನು ರುದ್ರೇಶರಿಗೆ ಅಣ್ಣ ತಮಾಷೆಗೆಂದು ಉಡುಗೊರೆ ಕೊಟ್ಟಿದ್ದನಂತೆ. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ಮಾಡಿದರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ ಇದ್ದ ಆ ಆಲ್ಬಂ ಕೇಳದೆ 'ಸಂಧಿ' ಅರ್ಧವಷ್ಟೇ ದಕ್ಕುತ್ತದೆ.

ಇನ್ನರ್ಧ ಸೋಲ್ ಸಂಗೀತದ್ದು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ ಗಾಸ್ಪೆಲ್ ಭಜನೆಗಳ ರೀತಿಯನ್ನು ರಿದಮ್ ಆ್ಯಂಡ್ ಬ್ಲೂಸ್‌ನ ತಾಳಕ್ಕೆ ಕೂರಿಸಿ, ದೇವರ ಜಾಗದಲ್ಲಿ ಪ್ರೇಯಸಿಯನ್ನು ತಂದಾಗ ಹುಟ್ಟಿದ್ದು ಸೋಲ್. 1954ರಲ್ಲಿ ರೇ ಚಾರ್ಲ್ಸ್ 'ಐ ಗಾಟ್ ಎ ವುಮನ್' ಹಾಡಿದಾಗ ಚರ್ಚಿನವರು ಸಿಟ್ಟಾದದ್ದು ಇದೇ ಕಾರಣಕ್ಕೆ. ಒಂದೇ ಅಕ್ಷರವನ್ನು ಹತ್ತಾರು ಸ್ವರಗಳ ಮೇಲೆ ಎಳೆದು ತಿರುಗಿಸುವುದು, ಮಾತು ಮುಗಿದ ಮೇಲೂ ದನಿಯನ್ನು ಬಿಡದೆ ಹಿಂಡುವುದು, ತಾಳಕ್ಕಿಂತ ಒಂದು ಚೂರು ಹಿಂದೆ ಬಿದ್ದು ಕೇಳುಗನನ್ನು ಕಾಯಿಸುವುದು ಸೋಲ್ ಗಾಯಕರ ಕಸುಬು. ಅರೆಥಾ ಫ್ರಾಂಕ್ಲಿನ್ ಹಾಡಿದ್ದನ್ನು ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಆ ಎಳೆತವೂ ನಮ್ಮ ಗಮಕವೂ ಒಂದೇ ಎಂದು ಹೇಳುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಗಮಕಕ್ಕೆ ರಾಗದ ಕಟ್ಟಳೆ ಇದೆ, ಸೋಲ್‌ನ ಎಳೆತಕ್ಕೆ ಆ ಹೊತ್ತಿನ ಭಾವವೇ ಕಟ್ಟಳೆ. ಆದರೂ ಎರಡಕ್ಕೂ ಬೇಕಾದ ಸಾಮಗ್ರಿ ಒಂದೇ: ಎರಡು ಸ್ವರಗಳ ನಡುವಿನ, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗ. ಮಹಾಂತಪ್ಪ ಹುಡುಗರಾಗಿದ್ದಾಗ ಕೇಳಿ ಬೆಳೆದದ್ದು ಸೋಲ್ ಮತ್ತು ಜಾಝ್ ಬೆರೆಸಿ ನುಡಿಸುತ್ತಿದ್ದ ಗ್ರೋವರ್ ವಾಷಿಂಗ್ಟನ್ ಜೂನಿಯರ್, ಡೇವಿಡ್ ಸ್ಯಾನ್‌ಬಾರ್ನ್‌ರಂಥ ಸ್ಯಾಕ್ಸೊಫೋನ್ ವಾದಕರನ್ನು. ಹಾಗಾಗಿ ಅವರ ಊದುವಿಕೆಯಲ್ಲಿ ಗೋಪಾಲನಾಥರ ಪಾಠವೂ ಆ ಬಾಲ್ಯದ ರುಚಿಯೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಆಲ್ಬಂ ಶುರುವಾಗುವುದು 'ಪರಾಕ್ರಮ್ ಒಂದು' ಎಂಬ ಚಿಕ್ಕ ಕೃತಿಯಿಂದ. ಇಲ್ಲಿ ತಾಳದ ಅವಸರವಿಲ್ಲ. ಸ್ಯಾಕ್ಸೊಫೋನ್ ಆಲಾಪದ ಗತ್ತಿನಲ್ಲಿ ಮಾತೆತ್ತುತ್ತದೆ, ಸುತ್ತ ಎಲೆಕ್ಟ್ರಾನಿಕ್ ನಾದ ಮಂದವಾಗಿ ಹರಡಿಕೊಂಡಿರುತ್ತದೆ. ಇಂಥ ಕಡೆ ಲ್ಯಾಪ್‌ಟಾಪ್ ಮಾಡುವ ಕೆಲಸವೇನೆಂದು ತಿಳಿಯದೆ ಹೋದರೆ ಏನೋ ಮಾಯಾಮಂತ್ರ ಎನಿಸೀತು. ಮೈಕಿನಿಂದ ಬಂದ ದನಿಯನ್ನು ತಂತ್ರಾಂಶ ಆ ಕ್ಷಣದಲ್ಲೇ ಹಿಡಿದುಕೊಂಡು, ತಡಮಾಡಿ ಮತ್ತೆ ಕೇಳಿಸಬಲ್ಲದು, ಬೇರೆ ಶ್ರುತಿಗೆ ಏರಿಸಿ ಇಳಿಸಿ ಜೊತೆಗೂಡಿಸಬಲ್ಲದು, ಬಾಲ ಎಳೆದು ಉದ್ದ ಮಾಡಬಲ್ಲದು. ಮೂಲದಲ್ಲಿ ಊದುವವನ ಉಸಿರಿಲ್ಲದಿದ್ದರೆ ಅದಕ್ಕೆ ಹಿಡಿಯಲು ಏನೂ ಸಿಗದು. ಅದರ ಬೆನ್ನಿಗೇ ಬರುವ 'ಕಿಲ್ಲರ್' ಇಡೀ ತಂಡದ ಹೊಡೆತ. 'ಬ್ರೇಕ್‌ಫಾಸ್ಟ್‌ಲಂಚ್ಆ್ಯಂಡ್‌ಡಿನ್ನರ್' ಎಂಬ ಉಸಿರುಗಟ್ಟಿಸುವ ಹೆಸರಿನ ಕೃತಿಯಲ್ಲಿ ಫಂಕ್ ಮುಂದೆ ಬರುತ್ತದೆ. ಕೂತವರ ಕಾಲು ತಾನಾಗಿ ಅಲ್ಲಾಡುವುದು ಇಲ್ಲೇ. ನನ್ನ ಮಟ್ಟಿಗೆ ಆಲ್ಬಂನ ಎದೆ ಇರುವುದು ಮಾತ್ರ 'ಮೀಟಿಂಗ್ ಆಫ್ ದಿ ಸ್ಕಿನ್ಸ್'ನಲ್ಲಿ. ಮೃದಂಗಕ್ಕೂ ಡ್ರಮ್ಸ್‌ಗೂ ನಡೆಯುವ ಸಂವಾದ ಇದು. ಮೃದಂಗದ ಬಲಗಡೆಯನ್ನು ಶ್ರುತಿಗೆ ಸೇರಿಸಿರುತ್ತಾರೆ, ಡ್ರಮ್ಸ್‌ಗೆ ಆ ಕಟ್ಟು ಇಲ್ಲ. ಒಬ್ಬನು ಬೆರಳ ತುದಿಯಿಂದ ಹೇಳಿದ್ದನ್ನು ಇನ್ನೊಬ್ಬ ಕೋಲಿನಿಂದ ಹೇಳುತ್ತಾನೆ. ಯಕ್ಷಗಾನದಲ್ಲಿ ಚೆಂಡೆ ಮದ್ದಳೆಗಳ ಸಂವಾದಕ್ಕೆ ಕಿವಿ ಒಗ್ಗಿಸಿಕೊಂಡವರಿಗೆ ಇದನ್ನು ಹಿಡಿಯಲು ಜಾಝ್ ತಿಳಿದಿರಬೇಕಾದ ಅಗತ್ಯವೇ ಇಲ್ಲ.

ಹಾಗಾದರೆ ಯಂತ್ರ ಜೀವ ತೆಗೆಯುವುದೇ ಇಲ್ಲವೇ? ಖಂಡಿತ ತೆಗೆಯುತ್ತದೆ. ಯಾವಾಗ ಎಂಬುದನ್ನು 1982ರ ಎರಡು ಧ್ವನಿಮುದ್ರಿಕೆಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ತಾಳದ ಯಂತ್ರ ತಂದಿತು. ಅದರ ಪೆಟ್ಟು ನಿಜವಾದ ಡ್ರಮ್ಸ್‌ನಂತೆ ಕೇಳಿಸುತ್ತಿರಲಿಲ್ಲ, ಮಾರಾಟವೂ ಅಷ್ಟಕ್ಕಷ್ಟೇ, 1983ಕ್ಕೆ ತಯಾರಿಕೆ ನಿಂತೇಹೋಯಿತು. ಸೋಲ್ ಗಾಯಕ ಮಾರ್ವಿನ್ ಗೇ ಸಾಲ ಸೋಲ, ದುಶ್ಚಟಗಳಿಂದ ನಲುಗಿ ಬೆಲ್ಜಿಯಂನ ಒಸ್ಟೆಂಡ್ ಎಂಬ ಕಡಲೂರಿಗೆ ಬಂದಿದ್ದಾಗ, ಇದೇ ಯಂತ್ರವನ್ನೂ ಅದೇ ಕಂಪನಿಯ ಜುಪಿಟರ್-8 ಸಿಂಥಸೈಜರನ್ನೂ ಇಟ್ಟುಕೊಂಡು 'ಸೆಕ್ಷುಯಲ್ ಹೀಲಿಂಗ್' ಹಾಡು ಕಟ್ಟಿದ. (ಸ್ಯಾಕ್ಸೊಫೋನೂ ಬೆಲ್ಜಿಯಂನವನದೇ, ಈ ಹಾಡೂ ಅಲ್ಲಿಯದೇ, ಕಾಕತಾಳೀಯ ಎನ್ನೋಣ.) ಯಂತ್ರ ಹಂದದೆ ಅಳುಕದೆ ಒಂದೇ ಸಮ ಬಡಿಯುತ್ತಿರುವಾಗ ಅದರ ಮೇಲೆ ಅವನ ದನಿ ತೇಲುತ್ತದೆ, ತಡೆಯುತ್ತದೆ, ಬೇಡಿಕೊಳ್ಳುತ್ತದೆ. ತಾಳ ಅಲ್ಲಾಡದೆ ನಿಂತದ್ದರಿಂದಲೇ ದನಿಯ ಅಲ್ಲಾಟ ಅಷ್ಟು ಎದ್ದು ಕೇಳಿಸುತ್ತದೆ. ಅದೇ ಹೊತ್ತಿಗೆ ಮುಂಬೈಯಲ್ಲಿ ಹಿಂದಿ ಚಿತ್ರಗೀತೆಗಳಿಗೆ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್, ಅದೇ 808, ಅದೇ ಜುಪಿಟರ್-8, ಜೊತೆಗೆ ಟಿಬಿ-303 ಎಂಬ ಬೇಸ್ ಯಂತ್ರ ಸೇರಿಸಿ, ಭೈರವಿ, ಲಲಿತ್, ಯಮನ್, ಮಾಲ್‌ಕೌಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಹಾಲೆಂಡಿನವರು ಮರುಮುದ್ರಿಸಿದಾಗ, ಸಿಂಗ್ ನುಡಿಸಿದ ಐದು ವರ್ಷಗಳ ಬಳಿಕ ಶಿಕಾಗೊದಲ್ಲಿ ಹುಟ್ಟಿದ ಆ್ಯಸಿಡ್ ಹೌಸ್ ಸಂಗೀತದ ಸದ್ದು ಇದರಲ್ಲಿ ಮೊದಲೇ ಇತ್ತಲ್ಲ ಎಂದು ಪ್ರಪಂಚ ಬೆರಗಾಯಿತು. ನಾನು ಬೆರಗಾಗುವುದು 303ರ ಸ್ವರಜಾರಿಕೆಗೆ. ಒಂದು ಸ್ವರ ಇನ್ನೊಂದಕ್ಕೆ ಜಾರುವಂತೆ ಆ ಯಂತ್ರದಲ್ಲೇ ಒಂದು ಅನುಕೂಲವಿದೆ, ಸಿಂಗ್ ಅದನ್ನು ರಾಗಕ್ಕೆ ದುಡಿಸಿಕೊಂಡರು. ಆದರೆ ಹತ್ತೂ ರಾಗಕ್ಕೆ ತಾಳ ಹೆಚ್ಚುಕಡಿಮೆ ಅದೇ ನಡೆ. ಲಲಿತದ ಮುಂಜಾವಕ್ಕೂ ಮಾಲ್‌ಕೌಂಸದ ನಡುರಾತ್ರಿಗೂ ಒಂದೇ ಓಟ. ಕುತೂಹಲ ಹುಟ್ಟಿಸುವ ಆಲ್ಬಂ, ಆದರೆ ನಾಲ್ಕನೇ ರಾಗಕ್ಕೆ ಬರುವಷ್ಟರಲ್ಲಿ ಕಿವಿ ಬೇರೆಲ್ಲೋ ಅಲೆಯತೊಡಗುತ್ತದೆ. ಯಂತ್ರ ಒಂದೇ, ಫಲ ಬೇರೆ.

ಕೇಡು ಎಲ್ಲಿ ಆಗುತ್ತದೆ ಎಂಬುದನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಸ್ಟುಡಿಯೋಗಳ 'ಕ್ವಾಂಟೈಸ್' ಎಂಬ ಸೌಕರ್ಯ. ನುಡಿಸುವವನ ಪೆಟ್ಟು ಕಾಲದ ಗೆರೆಗಿಂತ ಎಳ್ಳಷ್ಟು ಮುಂದೆ ಹಿಂದೆ ಬಿದ್ದಿದ್ದರೆ ಕಂಪ್ಯೂಟರ್ ಅದನ್ನು ಎಳೆದು ತಂದು ಗೆರೆಯ ಮೇಲೆಯೇ ಕೂರಿಸುತ್ತದೆ. ಗಾಯಕನ ಸ್ವರಕ್ಕೆ 1997ರಲ್ಲಿ ಬಂದ ಆಟೊಟ್ಯೂನ್ ಮಾಡುವುದೂ ಇದನ್ನೇ. ತಪ್ಪು ತಿದ್ದುವ ನೆಪದಲ್ಲಿ ಆ ಎಳ್ಳಷ್ಟರಲ್ಲಿದ್ದ ವ್ಯಕ್ತಿಯನ್ನೇ ಅಳಿಸಿಹಾಕುತ್ತದೆ. ಜನ 'ಜೀವ ಇಲ್ಲ' ಎನ್ನುವುದು ಇದನ್ನು ಕೇಳಿಯೇ, ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ಆದರೆ ಅಮೆರಿಕದ ಡೆಟ್ರಾಯಿಟ್‌ನ ಜೆ ಡಿಲ್ಲಾ ಎಂಬ ಹಿಪ್‌ಹಾಪ್ ನಿರ್ಮಾಪಕ ಎಂಪಿಸಿ ಎಂಬ ತಾಳಯಂತ್ರದಲ್ಲಿ ಈ ಸೌಕರ್ಯವನ್ನು ಬಳಸದೆ, ಬೆರಳಿನಿಂದಲೇ ಪೆಟ್ಟು ಹಾಕಿ, ತೂರಾಡುವಂಥ ವಿಚಿತ್ರ ನಡೆಯೊಂದನ್ನು ಹುಟ್ಟಿಸಿದ. ಆ ನಡೆಗೆ ಮರುಳಾಗಿ, 2000ರಲ್ಲಿ ಬಂದ ಡಿ'ಏಂಜೆಲೊನ 'ವೂಡೂ' ಎಂಬ ಸೋಲ್ ಆಲ್ಬಂನಲ್ಲಿ ಕ್ವೆಸ್ಟ್‌ಲವ್ ಎಂಬ ಡ್ರಮ್ಸ್ ವಾದಕ ಅದನ್ನೇ ಕೈಯಿಂದ ನುಡಿಸಿದ. ಯಂತ್ರದ ಮೂಲಕ ಬಂದ ಮನುಷ್ಯನ ಓಲಾಟವನ್ನು ಮನುಷ್ಯನೇ ಯಂತ್ರದಿಂದ ಕಲಿತ. ಯಂತ್ರ ಸತ್ತದ್ದು, ಮನುಷ್ಯ ಬದುಕಿದ್ದು ಎಂಬ ಸರಳ ಗಣಿತ ಇಲ್ಲಿಗೆ ಕೆಟ್ಟಿತು.

ನಮ್ಮವರೇನು ಎಲೆಕ್ಟ್ರಾನಿಕ್ ನಾದಕ್ಕೆ ಹೊಸಬರೂ ಅಲ್ಲ. ಬೆಂಗಳೂರಿನ ಎಂಜಿನಿಯರ್, ಸಂಗೀತಗಾರ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ ರಾಡೆಲ್ ಸಂಸ್ಥೆಯನ್ನು ಕಟ್ಟಿದರು. ಇವತ್ತು ಸಂಗೀತ ಪಾಠದ ಮನೆಗಳಲ್ಲಿ, ಕಛೇರಿಗಳಲ್ಲಿ ಆ ಪೆಟ್ಟಿಗೆಯೋ ಮೊಬೈಲಿನ ಆ್ಯಪ್ಪೋ ಮಿಡಿಯುತ್ತಿರುತ್ತದೆ. ಯಕ್ಷಗಾನದಲ್ಲಿ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಭಾಗವತರ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿರುತ್ತದೆ. ಗುಂಡಿ ತಿರುವಿ 'ಬಿಳಿ ನಾಲ್ಕು', 'ಕಪ್ಪು ಎರಡು' ಎಂದು ಶ್ರುತಿ ಹೊಂದಿಸಿಕೊಂಡರೆ ಆಟ ಮುಗಿಯುವ ತನಕ ಚಿಂತೆಯಿಲ್ಲ. ಭಾಗವತಿಕೆಯಲ್ಲಿ ಜೀವ ಹೋಯಿತೆಂದು ಆ ಪೆಟ್ಟಿಗೆಯನ್ನು ಯಾರೂ ದೂರಿಲ್ಲ. ಹಾರ್ಮೋನಿಯಂ ಕಥೆ ಇನ್ನೂ ಸ್ವಾರಸ್ಯದ್ದು. ಮೀಂಡ್ ಬರುವುದಿಲ್ಲ, ಸ್ವರಗಳು ಬಿಗಿದುಕೊಂಡಿವೆ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, 1971ರ ತನಕ ಬಾಗಿಲು ತೆರೆಯಲಿಲ್ಲ. ಅಷ್ಟು ವರ್ಷವೂ ಹುಬ್ಬಳ್ಳಿ ಧಾರವಾಡದ ಬೈಠಕ್ಕುಗಳಲ್ಲಿ ಹಾರ್ಮೋನಿಯಂ ಗಾಯಕರ ಬೆನ್ನಿಗಿತ್ತು. ಇಂದು ಲ್ಯಾಪ್‌ಟಾಪಿನ ಮೇಲೆ ಹೊರಿಸುವ ಆರೋಪಪಟ್ಟಿ ಅಂದು ಹಾರ್ಮೋನಿಯಂ ಮೇಲೆ ಹೊರಿಸಿದ್ದೇ, ಸ್ಯಾಕ್ಸೊಫೋನಿನ ಮೇಲೆ ಹೊರಿಸಿದ್ದೇ.

ಇದಕ್ಕೆ ಬರುವ ಎದುರುತ್ತರಗಳನ್ನೂ ಕೇಳಬೇಕು. ಶ್ರುತಿಪೆಟ್ಟಿಗೆ ಬರೀ ಹಿನ್ನೆಲೆ, ಅದು ಹಾಡುವುದಿಲ್ಲ, ಲ್ಯಾಪ್‌ಟಾಪ್ ಹಾಗಲ್ಲ, ಸಾಧನೆಯನ್ನೇ ಅನಗತ್ಯ ಮಾಡುತ್ತದೆ ಎಂಬುದು ಒಂದು. ಮಾತಿನಲ್ಲಿ ಹುರುಳಿದೆ. ಗುಂಡಿ ಒತ್ತಿ ಸಂಗೀತ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಅದು ಸಾಧನೆ ಮಾಡದವರ ಕೊರತೆ, ಸಾಧನದ್ದಲ್ಲ. 'ಸಂಧಿ'ಯಲ್ಲಿ ಲ್ಯಾಪ್‌ಟಾಪಿನ ಹಿಂದೆ ಕೂತವರು ದಶಕಗಳ ಕಾಲ ಊದಿ ತುಟಿ ಕಾಯಿ ಕಟ್ಟಿಸಿಕೊಂಡವರು, ಅದು ಪ್ರತಿ ಸ್ವರದಲ್ಲೂ ಕೇಳುತ್ತದೆ. ಎರಡನೆಯದು ಹೊಟ್ಟೆಪಾಡಿನ ಪ್ರಶ್ನೆ, ಅದಕ್ಕೆ ನನ್ನ ಬಳಿ ಅಷ್ಟು ಸುಲಭದ ಉತ್ತರವಿಲ್ಲ. ಒಬ್ಬ ಪ್ರೋಗ್ರಾಮರ್ ಇಪ್ಪತ್ತು ಪಿಟೀಲುಗಾರರ ಸದ್ದು ಹೊರಡಿಸಿದಾಗ ಇಪ್ಪತ್ತು ಜನರ ಅಂದಿನ ಸಂಬಳ ಹೋಯಿತು, ಸಿನಿಮಾ ವಾದ್ಯವೃಂದದವರಿಗೆ ಇದು ಬಿದ್ದ ಪೆಟ್ಟೇ ಸರಿ. ಮದುವೆ ದಿಬ್ಬಣಕ್ಕೆ ಡಿಜೆ ಹೇಳಿದ ಮನೆಯವರು ವಾದ್ಯದವರನ್ನು ಕರೆಯದೇ ಹೋಗಬಹುದು. ಆ ಅನ್ಯಾಯವನ್ನು ಜೀವ ಇದೆ ಇಲ್ಲ ಎಂಬ ಸೌಂದರ್ಯದ ಚರ್ಚೆಯಲ್ಲಿ ಮುಚ್ಚಿಡುವುದು ಸಲ್ಲ. ಅದನ್ನು ಸಂಭಾವನೆಯ, ಅವಕಾಶದ ಪ್ರಶ್ನೆಯಾಗಿಯೇ ಎತ್ತಬೇಕು. ಸ್ಯಾಕ್ಸೊಫೋನ್ ಬಂದಾಗ ಎಷ್ಟೋ ಕಡೆ ನಾಗಸ್ವರ ಹಿಂದೆ ಸರಿಯಿತು ಎಂಬುದನ್ನೂ ಆಗ ಮರೆಯಬಾರದು. ಮೂರನೆಯದು ಸದ್ದಿನ ಗೋಳು. ಮೆರವಣಿಗೆಯ ಡಿಜೆ ಎದೆ ನಡುಗಿಸಿ ಹೋದ ಮೇಲೆ ಎಲೆಕ್ಟ್ರಾನಿಕ್ ಎಂಬ ಪದಕ್ಕೇ ಜನ ಬೆಚ್ಚಿಬೀಳುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ. ಅದನ್ನು ಜಾರಿಗೆ ತರಬೇಕಾದವರು ತರಲಿ, ಸಂಗೀತವನ್ನು ಅಳೆಯಲು ಆ ಮೀಟರ್ ಸಾಲದು.

'ಸಂಧಿ'ಯನ್ನು ಇಷ್ಟು ಹೊತ್ತು ಹೊಗಳಿದೆನೆಂದು ಅದರಲ್ಲಿ ಊನವಿಲ್ಲವೆಂದಲ್ಲ. ತಂಡ ಓಡತೊಡಗಿದಾಗ ಕೆಲವು ಕಡೆ ಲೆಕ್ಕಾಚಾರವೇ ಮುಂದಾಗಿ, ಕೇಳುವವನಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಗೋಪಾಲನಾಥರು ಒಂದು ಸ್ವರದ ಮೇಲೆ ನಿಂತುಬಿಡುತ್ತಿದ್ದರಲ್ಲ, ಆ ನಿಲುಗಡೆ ಇಲ್ಲಿ ಅಪರೂಪ. ಇನ್ನೊಂದು ದೂರು ನನ್ನ ವಾದಕ್ಕೇ ತಿರುಗುಬಾಣ ಆಗಬಹುದಾದದ್ದು: ಲ್ಯಾಪ್‌ಟಾಪನ್ನು ಮಹಾಂತಪ್ಪ ತುಸು ಹಿಂಜರಿಯುತ್ತಲೇ ಬಳಸಿದ್ದಾರೆ. ಎಲೆಕ್ಟ್ರಾನಿಕ್ ನಾದ ಮುಂದೆ ಬಂದು ಮಾತಾಡುವುದು ಪುಟ್ಟ ಕೃತಿಗಳಲ್ಲಿ, ದೊಡ್ಡವುಗಳಲ್ಲಿ ಅದು ಸೆರಗು ಹೊದ್ದು ಮೂಲೆಯಲ್ಲಿ ನಿಲ್ಲುತ್ತದೆ. ಆರು ವರ್ಷಗಳ ಬಳಿಕ, 2017ರಲ್ಲಿ, ಗಿಟಾರಿನ ರೆಜ್ ಅಬ್ಬಾಸಿ, ತಬಲಾ ಮತ್ತು ಡ್ರಮ್ಸ್‌ನ ಡ್ಯಾನ್ ವೈಸ್ ಜೊತೆ ಮಾಡಿದ 'ಅಗ್ರಿಮ'ದಲ್ಲಿ ಅವರು ಆ ಸಂಕೋಚವನ್ನು ಸಾಕಷ್ಟು ಬಿಟ್ಟಿದ್ದಾರೆ. ನನ್ನ ಕಿವಿಗೆ 'ಅಗ್ರಿಮ'ವೇ ಮೇಲು.

ಕೇಳಬೇಕೆನ್ನುವವರು ನೇರ 'ಸಂಧಿ'ಗೆ ನುಗ್ಗಬೇಡಿ. ಮೊದಲು ಕದ್ರಿಯವರ ಯಾವುದಾದರೂ ಒಂದು ಕಛೇರಿ, ಆಮೇಲೆ 'ಕಿನ್ಸ್‌ಮೆನ್', ಆಮೇಲೆ ಇದು. ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಸರಿಯಾಗಿ ಕೇಳುವುದಿಲ್ಲ, ಬೇಸ್ ಇಲ್ಲದಿದ್ದರೆ ಫಂಕ್ ಇಲ್ಲ. ಮೂರೂ ಕೇಳಿ ಮುಗಿಸಿದ ಮೇಲೂ ಇದರಲ್ಲಿ ಜೀವ ಇಲ್ಲ ಎನಿಸಿದರೆ ಹಾಗೆಂದೇ ಹೇಳಿ, ಆದರೆ ಯಾವ ಸ್ವರದಲ್ಲಿ, ಯಾವ ಪೆಟ್ಟಿನಲ್ಲಿ ಇಲ್ಲ ಎಂಬುದನ್ನೂ ಹೇಳಿ.